ಬೆಂಚ್ ಮಿಲ್ಲಿಂಗ್ ಮಷಿನ್‌ನ ಟ್ರಾವೆಲ್ ಹೆಚ್ಚಿಸಿಕೊಳ್ಳುವ ಕ್ರಮ

ಅಡಿಕೆ ಸುಲಿಯುವ ಯಂತ್ರವೊಂದರ 20 ಮಿ.ಮೀ. ಶಾಫ್ಟಿಗೆ ಯುಸಿಎಫ್ 204 ಬೇರಿಂಗ್ ಕೂರಿಸಲು ಪ್ಲೇಟ್ ಮಾಡಬೇಕಾಗಿದೆ ಎಂದುಕೊಳ್ಳೋಣ. ಆ ಬೇರಿಂಗ್‌ನ ಹೌಸಿಂಗ್ 86 ಮಿ.ಮೀ. ಚೌಕವಾಗಿದ್ದು, ಬೋಲ್ಟ್ ತೂತುಗಳ ಅಂತರ 64 ಮಿ.ಮೀ. ಇರುತ್ತದೆ. ಅದಕ್ಕೆ 110 ಮಿ.ಮೀ. ಚೌಕದ ಪ್ಲೇಟ್ ತೆಗೆದುಕೊಂಡು, 12 ಮಿ.ಮೀ. ಎಂಡ್ ಮಿಲ್‌ನಿಂದ (ತಿರುಗುತ್ತಾ ಪಕ್ಕದಿಂದಲೂ ಕತ್ತರಿಸುವ ಕಟರ್) ನಾಲ್ಕೂ ಅಂಚುಗಳನ್ನು ಒಂದೇ ಸೆಟ್ಟಿಂಗ್‌ನಲ್ಲಿ ಹೊಡೆಯಬೇಕೆಂದರೆ ಟೇಬಲ್ ಹಿಂದಕ್ಕೂ ಮುಂದಕ್ಕೂ ಸೇರಿ 122 ಮಿ.ಮೀ. ಚಲಿಸಬೇಕು. ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಸಣ್ಣ ವರ್ಕ್‌ಶಾಪ್‌ಗಳಲ್ಲೂ ಮನೆಯ ಹಿಂದಿನ ಶೆಡ್ಡುಗಳಲ್ಲೂ ಇಟ್ಟುಕೊಳ್ಳಬಹುದಾದ, ಐವತ್ತು ಅರವತ್ತು ಕಿಲೋ ತೂಗುವ ಬೆಂಚ್ ಮಿಲ್ಲಿಂಗ್ ಮಷಿನ್‌ಗಳಲ್ಲಿ ಆ ದಿಕ್ಕಿನ ಟ್ರಾವೆಲ್, ಅಂದರೆ ಟೇಬಲ್ ಚಲಿಸುವ ದೂರ, ಕ್ಯಾಟಲಾಗ್ ಪ್ರಕಾರವೇ 100 ಮಿ.ಮೀ. ಆಸುಪಾಸಿನಲ್ಲಿರುತ್ತದೆ, ಅಳೆದು ನೋಡಿದರೆ ಅದೂ ಪೂರ್ತಿ ಸಿಗುವುದಿಲ್ಲ. ಪ್ಲೇಟನ್ನು ಬಿಚ್ಚಿ ತಿರುಗಿಸಿ ಮತ್ತೆ ಕಟ್ಟಿದರೆ ಕೆಲಸವೇನೋ ಆಗುತ್ತದೆ, ಆದರೆ ಅಂಚುಗಳಿಗೂ ತೂತುಗಳಿಗೂ ಇರುವ ಸಂಬಂಧ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಜಾರುತ್ತದೆ.

ಕೊರತೆಯಾಗಿರುವ ಈ ಇಪ್ಪತ್ತು ಮೂವತ್ತು ಮಿಲಿಮೀಟರನ್ನು ಯಂತ್ರದಿಂದಲೇ ಹೊರತೆಗೆಯಲು ಬಹುಪಾಲು ಸಾಧ್ಯವಿದೆ. ಯಂತ್ರವನ್ನು ಉದ್ದ ಮಾಡುವ ಯೋಚನೆಗೆ ಮೊದಲು, ಟೇಬಲ್ ಎರಡೂ ತುದಿಗಳಲ್ಲಿ ಯಾವುದಕ್ಕೆ ತಗುಲಿ ನಿಲ್ಲುತ್ತದೆ ಎಂಬುದನ್ನು ಕಂಡುಹಿಡಿಯಬೇಕು. ಅದನ್ನು ತೆಗೆದರೆ ಮುಂದೆ ಯಾವುದು ತಗುಲುತ್ತದೆ ಎಂದು ನೋಡಬೇಕು. ಹೀಗೆ ಒಂದೊಂದೇ ತಡೆಯನ್ನು ದಾಟುತ್ತಾ ಹೋಗಿ, ಡವ್‌ಟೇಲ್‌ನ (ಟೇಬಲ್ ಜಾರುವ, ಓರೆ ಅಂಚಿನ ಹಳಿಯ) ಹಿಡಿತ ಸಾಲದು ಎಂಬ ಜಾಗದಲ್ಲಿ ನಿಲ್ಲಿಸಬೇಕು. ಕೆಳಗಿನ ವಿವರಣೆಯಲ್ಲಿ ಕಾಲಮ್ (ಸ್ಪಿಂಡಲ್ ಇರುವ ಹೆಡ್ಡನ್ನು ಹೊತ್ತ ಕಂಬ) ಇರುವ ಕಡೆಯನ್ನು ಹಿಂದೆ ಎಂದೂ ಕೆಲಸಗಾರ ನಿಲ್ಲುವ ಕಡೆಯನ್ನು ಮುಂದೆ ಎಂದೂ ಕರೆದಿದ್ದೇನೆ. ಕೆಲಸ ಶುರುಮಾಡುವ ಮುನ್ನ ಪ್ಲಗ್ ಕಿತ್ತಿಡಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ.

ಮೊದಲು ಅಳತೆ

ಕಾಲೆಟ್‌ನಲ್ಲಿ (ಕಟರನ್ನು ಹಿಡಿಯುವ ಭಾಗ) ಚೂಪು ತುದಿಯ ಸರಳೊಂದನ್ನು ಹಿಡಿಸಿ, ಟೇಬಲಿನ ಮೇಲೆ ಹಿಂದಿನಿಂದ ಮುಂದಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ. ಟೇಬಲ್ಲನ್ನು ಹಿಂದಕ್ಕೆ ಪೂರ್ತಿ ಒಯ್ದು, ಚೂಪು ತುದಿ ಟೇಪಿನ ಮೇಲೆ ಎಲ್ಲಿ ಬರುತ್ತದೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಮುಂದಕ್ಕೆ ಪೂರ್ತಿ ತಂದು ಮತ್ತೊಂದು ಗುರುತು ಹಾಕಿ. ಎರಡು ಗುರುತುಗಳ ನಡುವಿನದೇ ಸ್ಪಿಂಡಲ್ (ಕಟರನ್ನು ತಿರುಗಿಸುವ ಶಾಫ್ಟ್) ನಿಜವಾಗಿ ತಲುಪುವ ಪಟ್ಟಿ. ಅದರ ಅಗಲ ಎಷ್ಟು ಮುಖ್ಯವೋ, ಅದು ಟೇಬಲಿನ ಯಾವ ಭಾಗದ ಮೇಲೆ ಬೀಳುತ್ತದೆ ಎಂಬುದೂ ಅಷ್ಟೇ ಮುಖ್ಯ. ಟೇಬಲ್ ಹಿಂದಕ್ಕೆ ಹೋದಷ್ಟೂ ಸ್ಪಿಂಡಲ್ ಟೇಬಲಿನ ಮುಂದಿನ ಅಂಚಿಗೆ ಹತ್ತಿರವಾಗುತ್ತದೆ, ಟೇಬಲ್ ಮುಂದಕ್ಕೆ ಬಂದಷ್ಟೂ ಹಿಂದಿನ ಅಂಚಿಗೆ. ಈ ತಿರುವುಮುರುವನ್ನು ಮನಸ್ಸಿನಲ್ಲಿಟ್ಟುಕೊಳ್ಳದಿದ್ದರೆ ಮುಂದಿನ ಲೆಕ್ಕಗಳೆಲ್ಲ ಉಲ್ಟಾ ಹೊಡೆಯುತ್ತವೆ.

ಒಂದು ಉದಾಹರಣೆಯನ್ನು ಹಿಡಿದುಕೊಂಡೇ ಮುಂದೆ ಹೋಗೋಣ. ಟೇಬಲಿನ ಅಗಲ 92 ಮಿ.ಮೀ. ಇದೆ, ಸ್ಪಿಂಡಲ್ ಮುಂದಿನ ಅಂಚಿಗೆ 14 ಮಿ.ಮೀ. ಇರುವಂತೆಯೇ ನಿಂತುಬಿಡುತ್ತದೆ, ಹಿಂದಿನ ಅಂಚನ್ನು ಮಾತ್ರ 10 ಮಿ.ಮೀ. ದಾಟಿ ಹೋಗುತ್ತದೆ. ಹಾಗಾದರೆ ಪಟ್ಟಿಯ ಅಗಲ 92ರಲ್ಲಿ 14 ಕಳೆದು 10 ಕೂಡಿಸಿದಾಗ ಸಿಗುವ 88 ಮಿ.ಮೀ. ಮಾತ್ರ. ಅಂಚಿನ ಆಚೆಗೆ ಹೋಗುವ 10 ಮಿ.ಮೀ. ಕೂಡ ವ್ಯರ್ಥವಲ್ಲ, ಏಕೆಂದರೆ ಟೇಬಲಿಗಿಂತ ಅಗಲವಾದ ಪ್ಲೇಟಿನ ಅಂಚು ಹೊಡೆಯುವಾಗ ಕಟರ್ ಅಲ್ಲಿಯೇ ಓಡಬೇಕಾಗುತ್ತದೆ.

ಈಗ ಎರಡೂ ತುದಿಗಳಲ್ಲಿ ಏನು ತಗುಲುತ್ತಿದೆ ಎಂದು ಪತ್ತೆಹಚ್ಚಬೇಕು. ಕಣ್ಣಿಗೆ ಕಾಣುವ ಜಾಗವಾದರೆ ಕಾಗದದ ಪಟ್ಟಿಯನ್ನು ನಡುವೆ ಇಟ್ಟು ಎಳೆದು ನೋಡಿದರೆ ಸಾಕು. ಬೇಸಿನ (ಯಂತ್ರದ ಬುಡದ ಎರಕ) ಒಳಗೆ, ಲೀಡ್ ಸ್ಕ್ರೂ ತಿರುಗಿದಾಗ ಟೇಬಲ್ಲನ್ನು ಎಳೆಯುವ ನಟ್ ಇರುವ ಕಡೆ, ಮಕ್ಕಳು ಆಡುವ ಕ್ಲೇ ಸಣ್ಣ ಸಣ್ಣ ಉಂಡೆ ಮಾಡಿ ಅಂಟಿಸಿ, ಟೇಬಲ್ಲನ್ನು ತುದಿಯವರೆಗೂ ಒಯ್ದು ವಾಪಸ್ ತಂದು, ಯಾವ ಉಂಡೆ ಚಪ್ಪಟೆಯಾಗಿದೆ ಎಂದು ಟಾರ್ಚ್ ಹಿಡಿದು ನೋಡಿ. ಉಳಿದ ಉಂಡೆಗಳ ದಪ್ಪವನ್ನು ವರ್ನಿಯರ್‌ನಲ್ಲಿ ಅಳೆದರೆ ಮುಂದಿನ ತಡೆ ಇನ್ನೆಷ್ಟು ದೂರದಲ್ಲಿದೆ ಎಂಬುದೂ ಅದರಿಂದಲೇ ತಿಳಿಯುತ್ತದೆ. ಸಾಮಾನ್ಯವಾಗಿ ಹಿಂದಿನ ತುದಿಯಲ್ಲಿ ತಗುಲುವುದು ಮಡಿಚಿದ ರಬ್ಬರ್ ಬೆಲ್ಲೋಸ್ ಅಥವಾ ಅದನ್ನು ಹಿಡಿದಿರುವ ಪಟ್ಟಿ ಮತ್ತು ಸ್ಕ್ರೂ ತಲೆಗಳು. ಮುಂದಿನ ತುದಿಯಲ್ಲಿ ತಗುಲುವುದು ಲೀಡ್ ಸ್ಕ್ರೂ ನಟ್, ಬೇಸಿನ ಮುಂದಿನ ಮುಖಕ್ಕೆ ಬಿಗಿದಿರುವ ಬೇರಿಂಗ್ ಬ್ಲಾಕಿಗೆ.

ಖರ್ಚಿಲ್ಲದೆ ಸಿಗುವ ಭಾಗ

ಬೆಲ್ಲೋಸ್ ಎಷ್ಟೇ ಒತ್ತಿದರೂ ಮಡಿಕೆಗಳ ದಪ್ಪ ಉಳಿದೇ ಉಳಿಯುತ್ತದೆ. ಅದನ್ನು ತೆಗೆದು, ಲಾರಿ ಟ್ಯೂಬಿನಿಂದ ಕತ್ತರಿಸಿದ ಸಾದಾ ರಬ್ಬರ್ ಹಾಳೆಯ ಒಂದು ಅಂಚನ್ನು ಟೇಬಲಿನ ಹಿಂಬದಿಗೂ ಇನ್ನೊಂದನ್ನು ಕಾಲಮಿನ ಮೇಲೆ, ಟೇಬಲಿಗಿಂತ ಎತ್ತರದಲ್ಲಿಯೂ ಸಿಕ್ಕಿಸಿದರೆ, ಟೇಬಲ್ ಹಿಂದೆ ಹೋದಾಗ ಹಾಳೆ ಕೆಳಗೆ ಜೋತು ಬೀಳುತ್ತದೆಯೇ ಹೊರತು ಅಡ್ಡಬರುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಇದರಿಂದ 18 ಮಿ.ಮೀ. ಸಿಕ್ಕಿತು ಎನ್ನೋಣ: ಸ್ಪಿಂಡಲ್ ಮುಂದಿನ ಅಂಚನ್ನು ಈಗ 4 ಮಿ.ಮೀ. ದಾಟುತ್ತದೆ, ಪಟ್ಟಿ 106 ಮಿ.ಮೀ. ಆಗುತ್ತದೆ. ಸ್ಕ್ರೂ ತಲೆ ಎದ್ದು ನಿಂತಿದ್ದರೆ ಕೌಂಟರ್‌ಸಂಕ್ ಮಾಡಿ ಮಟ್ಟಸ ಮಾಡಿಕೊಳ್ಳಬೇಕು.

ರಬ್ಬರ್ ಹಾಳೆಯ ಬಗ್ಗೆ ಮಲೆನಾಡಿಗೆ ಸಂಬಂಧಿಸಿದ ಒಂದು ಮಾತನ್ನು ಸೇರಿಸಲೇಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಊರುಗಳಲ್ಲಿ ಹಾಳೆಯ ಅಡಿಯಲ್ಲಿ ತೇವ ಕಟ್ಟಿಕೊಂಡು ಬೇಸಿನ ಡವ್‌ಟೇಲ್ ಮೇಲೆ ಕೆಂಪು ತುಕ್ಕು ಏಳುತ್ತದೆ. ಆದ್ದರಿಂದ ಹಾಳೆಯನ್ನು ಅಂಟು ಹಾಕದೆ, ಬೆರಳಲ್ಲಿ ಬಿಚ್ಚುವಂಥ ಸ್ಕ್ರೂಗಳಿಂದ ಹಿಡಿಸಿ, ವಾರಕ್ಕೊಮ್ಮೆ ಎತ್ತಿ ಒರೆಸಿ, 68 ಗ್ರೇಡಿನ ಸ್ಲೈಡ್‌ವೇ ಎಣ್ಣೆ ಸವರಬೇಕು. ಕೊಬ್ಬರಿ ಎಣ್ಣೆ ಬೇಡ. ಅದು ಅಂಟಾಗಿ ಗಟ್ಟಿಕಟ್ಟುತ್ತದೆ.

ನಟ್, ಬೇರಿಂಗ್ ಬ್ಲಾಕ್ ಮತ್ತು ಸ್ಕ್ರೂ

ಮುಂದಿನ ತುದಿಯಲ್ಲಿ ನಟ್ ಬ್ಲಾಕಿಗೆ ತಗುಲುವುದನ್ನು ತಪ್ಪಿಸಲು ಎರಡು ದಾರಿಗಳಿವೆ. ಸ್ಯಾಡಲಿನ (ಟೇಬಲ್ಲನ್ನು ಹೊತ್ತು ಬೇಸಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಅಡಿಯಲ್ಲಿ ನಟ್ ಕೂತಿರುವ ಜಾಗವನ್ನೇ ಅಡಾಪ್ಟರ್ ಪ್ಲೇಟಿನ ಮೂಲಕ 20 ಮಿ.ಮೀ. ಹಿಂದಕ್ಕೆ ಸರಿಸುವುದು ಒಂದು. ಬೇಸಿಗೂ ಬೇರಿಂಗ್ ಬ್ಲಾಕಿಗೂ ನಡುವೆ 20 ಮಿ.ಮೀ. ದಪ್ಪದ ತುಂಡೊಂದನ್ನು ಇಟ್ಟು ಬ್ಲಾಕನ್ನೇ ಮುಂದಕ್ಕೆ ತರುವುದು ಇನ್ನೊಂದು. ಎರಡರಲ್ಲೂ ಹಿಂದಿನ ಅಂಚಿನ ಕಡೆ 20 ಮಿ.ಮೀ. ಸಿಗುತ್ತದೆ: ಉದಾಹರಣೆಯ ಯಂತ್ರದಲ್ಲಿ ಸ್ಪಿಂಡಲ್ ಹಿಂದಿನ ಅಂಚನ್ನು 30 ಮಿ.ಮೀ. ದಾಟುತ್ತದೆ, ಪಟ್ಟಿ 126 ಮಿ.ಮೀ. ಆಗುತ್ತದೆ, ನಮಗೆ ಬೇಕಾದ 122 ದಾಟಿದಂತಾಯಿತು. ನನಗೆ ಬ್ಲಾಕಿನ ದಾರಿಯೇ ಮೇಲೆನಿಸುತ್ತದೆ. ಹ್ಯಾಂಡಲ್ ಸ್ವಲ್ಪ ಮುಂದಕ್ಕೆ ಚಾಚುತ್ತದೆ ನಿಜ, ಆದರೆ ಸ್ಯಾಡಲ್ಲಿಗೆ ಹೊಸ ತೂತು ಹೊಡೆಯಬೇಕಿಲ್ಲ, ಬೇಡವೆನಿಸಿದ ದಿನ ತುಂಡನ್ನು ತೆಗೆದರೆ ಯಂತ್ರ ಮೊದಲಿನಂತಾಗುತ್ತದೆ.

ಯಾವ ದಾರಿ ಹಿಡಿದರೂ ಸ್ಕ್ರೂವಿನ ಉದ್ದದ ಲೆಕ್ಕ ಹಾಕಲೇಬೇಕು. ಬ್ಲಾಕ್ ಮುಂದೆ ಬಂದರೆ ಸ್ಕ್ರೂ ಕೂಡ 20 ಮಿ.ಮೀ. ಮುಂದೆ ಬರುತ್ತದೆ, ಬೆಲ್ಲೋಸ್ ತೆಗೆದದ್ದರಿಂದ ನಟ್ 18 ಮಿ.ಮೀ. ಹೆಚ್ಚು ಹಿಂದೆ ಹೋಗುತ್ತದೆ. ಅಂದರೆ ನಟ್ ತನ್ನ ಪೂರ್ತಿ ಉದ್ದಕ್ಕೂ ಥ್ರೆಡ್ ಮೇಲೆ ಉಳಿಯಬೇಕಾದರೆ ಥ್ರೆಡ್ ಮೊದಲಿಗಿಂತ 38 ಮಿ.ಮೀ. ಉದ್ದ ಇರಬೇಕು. ಹಳೆಯ ಸ್ಕ್ರೂವಿನಲ್ಲಿ ಅಷ್ಟು ಹೆಚ್ಚುವರಿ ಉದ್ದ ಇದ್ದರೆ ಅದೃಷ್ಟ. ಇಲ್ಲದಿದ್ದರೆ ಹೊಸದು ಬೇಕು. ನಟ್ ಹೊಸದಾಗಿ ತಲುಪುವ ಹಿಂದಿನ ಜಾಗದಲ್ಲಿ ಬೇಸಿನ ಎರಕದ ಏಣು ಅಡ್ಡ ಇದೆಯೇ ಎಂದೂ ಈಗಲೇ ನೋಡಿಕೊಳ್ಳಿ. ಇದ್ದರೆ ನಟ್ ಹೋಗುವಷ್ಟು ಮಾತ್ರ ಡೈ ಗ್ರೈಂಡರಿನಿಂದ ತೆಗೆಯಬಹುದು, ಆದರೆ ಏಣನ್ನು ಪೂರ್ತಿ ಕಡಿದು ಹಾಕಬಾರದು. ಬೇಸ್ ತಿರುಚಿಕೊಳ್ಳದಂತೆ ಹಿಡಿದಿರುವುದು ಅದೇ. ಗ್ರೈಂಡ್ ಮಾಡಿದ ಎರಕದ ಪುಡಿ ಡವ್‌ಟೇಲ್ ಸೇರಿದರೆ ಉಪ್ಪುಕಾಗದ ಉಜ್ಜಿದಂತೆಯೇ ಸರಿ, ಹಾಗಾಗಿ ಮೊದಲು ಬಟ್ಟೆ ತುಂಬಿ, ಆಮೇಲೆ ಸೀಮೆಎಣ್ಣೆಯಲ್ಲಿ ತೊಳೆಯಿರಿ.

ಹೊಸ ಸ್ಕ್ರೂ ಮಾಡಿಸುವಾಗ ಟರ್ನರ್‌ಗೆ ಪಿಚ್ ಜೊತೆಗೆ ಥ್ರೆಡ್ ಎಡವೋ ಬಲವೋ ಎಂಬುದನ್ನೂ ಸ್ಪಷ್ಟವಾಗಿ ಹೇಳಬೇಕು. ಟೇಬಲ್ಲನ್ನು ಅಡ್ಡಕ್ಕೆ ಒಯ್ಯುವ ಸ್ಕ್ರೂ ಟೇಬಲಿನ ಜೊತೆಯೇ ಚಲಿಸುತ್ತದೆ; ಹಿಂದೆ ಮುಂದೆ ಒಯ್ಯುವ ಸ್ಕ್ರೂ ಇದ್ದಲ್ಲೇ ತಿರುಗಿ ನಟ್ಟನ್ನು ಎಳೆಯುತ್ತದೆ. ಹ್ಯಾಂಡಲ್ಲನ್ನು ಗಡಿಯಾರದ ದಿಕ್ಕಿಗೆ ತಿರುಗಿಸಿದಾಗ ಟೇಬಲ್ ನಮ್ಮಿಂದ ದೂರ ಹೋಗಬೇಕೆಂದರೆ ಮೊದಲನೆಯದಕ್ಕೆ ಬಲ ಥ್ರೆಡ್ ಸಾಕು, ಎರಡನೆಯದಕ್ಕೆ ಎಡ ಥ್ರೆಡ್ಡೇ ಆಗಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಟ್ರೆಪೆಜಾಯ್ಡಲ್ ಸರಳುಗಳು ಬಹುತೇಕ ಬಲ ಥ್ರೆಡ್‌ನವು. ಅದನ್ನೇ ತಂದು ಹಾಕಿದರೆ ಯಂತ್ರ ಓಡುತ್ತದೆ, ಆದರೆ ಒಂದು ಹ್ಯಾಂಡಲ್ ಒಂದು ರೀತಿ, ಇನ್ನೊಂದು ಹ್ಯಾಂಡಲ್ ಇನ್ನೊಂದು ರೀತಿ ತಿರುಗಿಸಬೇಕಾಗಿ, ಅವಸರದ ಹೊತ್ತಿನಲ್ಲಿ ಕೈ ಹಳೆಯ ಅಭ್ಯಾಸದಂತೆ ಹೋಗಿ ಕಟರ್ ಮುರಿಯುತ್ತದೆ. ಪಿಚ್ ಬದಲಾದರೆ ಡಯಲಿನ ಗೀಟುಗಳೂ ಸುಳ್ಳು ಹೇಳುತ್ತವೆ. ಡಿಜಿಟಲ್ ರೀಡ್‌ಔಟ್ ಇದ್ದವರಿಗೆ ಮಾತ್ರ ಅದರ ಚಿಂತೆಯಿಲ್ಲ. ಅದೇ ಪಿಚ್ ಇಟ್ಟುಕೊಂಡರೆ ಹಳೆಯ ನಟ್ಟನ್ನೇ ಬಳಸಬಹುದು, ಆದರೆ ಸವೆದ ನಟ್ಟಿಗೆ ಹೊಸ ಸ್ಕ್ರೂ ಹಾಕುವುದಕ್ಕಿಂತ ಜೊತೆಯಲ್ಲೇ ಗನ್‌ಮೆಟಲ್ ನಟ್ ಮಾಡಿಸುವುದು ಜಾಣತನ. ಸ್ಕ್ರೂವಿನ ಕುತ್ತಿಗೆ 10 ಮಿ.ಮೀ. ಇದ್ದರೆ, ನಡುವಿಡುವ ತುಂಡಿನಲ್ಲೇ 51100 ಥ್ರಸ್ಟ್ ಬೇರಿಂಗ್‌ಗೆ ಮನೆ ಕೊರೆಸಬಹುದು, 24 ಮಿ.ಮೀ. ಹೊರವ್ಯಾಸ, 9 ಮಿ.ಮೀ. ದಪ್ಪದ ಈ ಬೇರಿಂಗ್ ಬ್ಯಾಕ್‌ಲ್ಯಾಷ್‌ನ (ಹ್ಯಾಂಡಲ್ ತಿರುಗಿದರೂ ಟೇಬಲ್ ಕದಲದ ಸಡಿಲು) ಒಂದು ಪಾಲನ್ನು ಅಲ್ಲೇ ಮುಗಿಸುತ್ತದೆ.

ಜೋಡಿಸುವಾಗ ಕ್ರಮ ಮುಖ್ಯ. ನಟ್ಟಿನ ಸ್ಕ್ರೂಗಳನ್ನು ಸಡಿಲವಾಗಿಯೇ ಬಿಟ್ಟು, ಸ್ಯಾಡಲ್ಲನ್ನು ಬೇರಿಂಗ್ ಬ್ಲಾಕಿನ ಹತ್ತಿರಕ್ಕೆ ತಂದು, ಅಲ್ಲಿ ಬಿಗಿಯಬೇಕು. ಸ್ಕ್ರೂ ಬ್ಲಾಕಿನ ಬಳಿ ಬಾಗಲಾರದು, ಆದ್ದರಿಂದ ಎರಡೂ ಒಂದೇ ಗೆರೆಯಲ್ಲಿ ಬರುವುದು ಅಲ್ಲಿಯೇ. ಹಿಂದಿನ ತುದಿಯಲ್ಲಿ ಬಿಗಿದರೆ ಸ್ಕ್ರೂ ಬಾಗಿ ಹೊಂದಿಕೊಂಡಂತೆ ಕಂಡು, ಮುಂದೆ ಬಂದಾಗ ಹ್ಯಾಂಡಲ್ ಕಲ್ಲಾಗುತ್ತದೆ.

ಡವ್‌ಟೇಲ್ ಎಲ್ಲಿ ಸಾಕು ಎನ್ನುತ್ತದೆ

ಟೇಬಲ್ ಮುಂದೆ ಬಂದಾಗ ಸ್ಯಾಡಲ್ ಬೇಸಿನ ಮುಂದಿನ ಅಂಚಿನಿಂದ ಹೊರಗೆ ಚಾಚುತ್ತದೆ. ಸ್ಯಾಡಲಿನ ಉದ್ದ 110 ಮಿ.ಮೀ. ಇದ್ದರೆ ಅದರ ಮೂರನೇ ಒಂದು ಭಾಗಕ್ಕಿಂತ, ಅಂದರೆ ಸುಮಾರು 36 ಮಿ.ಮೀ.ಗಿಂತ ಹೆಚ್ಚು ಹೊರಗೆ ಬಿಡಬಾರದೆಂಬುದು ನಾನು ಇಟ್ಟುಕೊಳ್ಳುವ ಮಿತಿ. ಲೆಕ್ಕಕ್ಕಿಂತ ಪರೀಕ್ಷೆ ನಂಬಿಕಸ್ತ: ಗಿಬ್ (ಡವ್‌ಟೇಲಿನ ಸಡಿಲು ತೆಗೆಯುವ ಪಟ್ಟಿ) ಸರಿಯಾಗಿ ಬಿಗಿದು, ಟೇಬಲ್ಲನ್ನು ಮುಂದಿನ ತುದಿಗೆ ತಂದು, ಡಯಲ್ ಗೇಜಿನ ಬುಡವನ್ನು ಕಾಲಮಿಗೆ ಅಂಟಿಸಿ, ಸೂಜಿಯನ್ನು ಟೇಬಲಿನ ಮೇಲೆ ಕೂರಿಸಿ, ಟೇಬಲಿನ ಮುಂದಿನ ಅಂಚನ್ನು ಅಂಗೈಯಿಂದ ಗಟ್ಟಿಯಾಗಿ ಒತ್ತಿ. ಗೇಜ್ 0.03 ಮಿ.ಮೀ. ಒಳಗೆ ಆಡಿ, ಕೈ ತೆಗೆದಾಗ ವಾಪಸ್ ಬಂದರೆ ಚಿಂತೆಯಿಲ್ಲ. 0.05 ದಾಟಿದರೆ, ಅಥವಾ ಕೈ ತೆಗೆದ ಮೇಲೂ ಹಳೆಯ ಅಂಕಿಗೆ ಮರಳದಿದ್ದರೆ, ಎರಡು ಎರಡು ಮಿಲಿಮೀಟರಿನಂತೆ ಹಿಂದಕ್ಕೆ ಒಯ್ಯುತ್ತಾ ಎಲ್ಲಿ ಸರಿಯಾಗುತ್ತದೋ ಅದನ್ನೇ ಹೊಸ ಮಿತಿ ಎಂದು ಒಪ್ಪಿಕೊಳ್ಳಬೇಕು.

ಅಡ್ಡ ದಿಕ್ಕು

ಟೇಬಲಿನ ಉದ್ದದ ದಿಕ್ಕಿನಲ್ಲಿ ಕೆಲಸ ಸುಲಭ. ಅಲ್ಲಿ ಸ್ಯಾಡಲಿಗೆ ತಗುಲುವುದು ಟೇಬಲಿನ ಎರಡು ತುದಿಗಳಲ್ಲಿರುವ ಬ್ರಾಕೆಟ್‌ಗಳ ಕೆಳಭಾಗ. ಟೇಬಲಿಗೂ ಬ್ರಾಕೆಟ್‌ಗೂ ನಡುವೆ 12 ಮಿ.ಮೀ. ಪ್ಲೇಟ್ ಇಟ್ಟರೆ ಆ ಕಡೆ 12 ಮಿ.ಮೀ., ಎರಡೂ ಕಡೆ ಇಟ್ಟರೆ 24 ಮಿ.ಮೀ. ಸಿಗುತ್ತದೆ, ಸ್ಕ್ರೂ ಕೂಡ ಅಷ್ಟೇ ಉದ್ದವಾಗಬೇಕು. ಟೇಬಲಿನ ಮುಂಬದಿಯ ಸ್ಟಾಪ್‌ಗಳನ್ನು ಮೊದಲು ನೋಡಿ, ಕೆಲವೊಮ್ಮೆ ತಡೆ ಅವು ಮಾತ್ರ ಆಗಿರುತ್ತವೆ.

ಕಾಲಮ್ ಸರಿಸುವುದೋ, ಹೆಡ್ ಸರಿಸುವುದೋ

ಇಷ್ಟು ಮಾಡಿದ ಮೇಲೂ ಸಾಲದೆಂದರೆ ಮಾತ್ರ ಈ ಹಂತಕ್ಕೆ ಬನ್ನಿ. ಕಾಲಮಿಗೂ ಬೇಸಿಗೂ ನಡುವೆ ಪ್ಲೇಟ್ ಇಟ್ಟು ಕಾಲಮನ್ನು ಹಿಂದಕ್ಕೆ ತಳ್ಳಿದರೆ ಎಲ್ಲ ಕಡೆ ಜಾಗ ಸಿಗುತ್ತದೆಂಬ ಭಾವನೆ ಇದೆ, ಹಾಗಾಗುವುದಿಲ್ಲ. ಕಾಲಮ್ ಹಿಂದೆ ಹೋದಾಗ ಸ್ಪಿಂಡಲ್ ಕೂಡ ಅಷ್ಟೇ ಹಿಂದೆ ಹೋಗುತ್ತದೆ. ಸ್ಯಾಡಲ್ ನಿಲ್ಲುತ್ತಿದ್ದದ್ದು ಕಾಲಮಿಗೇ ತಗುಲಿ ಎಂದಾದರೆ, 20 ಮಿ.ಮೀ. ಪ್ಲೇಟಿನಿಂದ ಪಟ್ಟಿ ಹಿಂದಿನ ಅಂಚಿನ ಕಡೆಗೆ ಮಾತ್ರ 20 ಮಿ.ಮೀ. ಬೆಳೆಯುತ್ತದೆ, ಮುಂದಿನ ಅಂಚಿನ ಕಡೆ ಇದ್ದಷ್ಟೇ ಇರುತ್ತದೆ. ಸ್ಯಾಡಲ್ ನಿಲ್ಲುತ್ತಿದ್ದದ್ದು ಬೇಸಿನದೇ ಭಾಗಕ್ಕೆ ತಗುಲಿ ಎಂದಾದರೆ ಪಟ್ಟಿ ಬೆಳೆಯುವುದೇ ಇಲ್ಲ, ಇದ್ದ ಪಟ್ಟಿಯೇ ಹಿಂದಕ್ಕೆ ಸರಿಯುತ್ತದೆ. ಇದಕ್ಕೆ ವಿರುದ್ಧವಾಗಿ ಹೆಡ್ಡಿಗೂ ಅದರ ಸ್ಲೈಡಿಗೂ ನಡುವೆ ಪ್ಲೇಟ್ ಇಟ್ಟರೆ ಪಟ್ಟಿ ಮುಂದಿನ ಅಂಚಿನ ಕಡೆಗೆ ಸರಿಯುತ್ತದೆ. ಜೊತೆಗೆ ಸ್ಪಿಂಡಲಿಗೂ ಕಾಲಮಿಗೂ ಇರುವ ಅಂತರ ಹೆಚ್ಚಿ, ಅಗಲವಾದ ಕೆಲಸದ ತುಂಡು ಕಾಲಮಿಗೆ ತಗುಲುವುದು ತಪ್ಪುತ್ತದೆ. ಆದರೆ ಹೆಡ್ ಚಾಚಿದಷ್ಟೂ ಅಲುಗಾಟ ಜಾಸ್ತಿ, ಉಕ್ಕಿನ ಮೇಲೆ ಕಟರ್ ನಡುಗಿ ಗೆರೆ ಬೀಳುತ್ತದೆ. ಮೊದಲ ಹಂತದಲ್ಲಿ ಹಾಕಿದ ಪೆನ್ಸಿಲ್ ಗುರುತುಗಳು ಯಾವ ಅಂಚಿನಲ್ಲಿ ಕೊರತೆ ಇದೆ ಎಂದು ಹೇಳುತ್ತವೋ ಅದರಂತೆ ನಿರ್ಧರಿಸಬೇಕು. ಕಾಲಮನ್ನು ಪಕ್ಕಕ್ಕೆ ವಾಲಿಸಲೆಂದು ಒಂದೇ ದೊಡ್ಡ ಬೋಲ್ಟಿನ ಮೇಲೆ ನಿಲ್ಲಿಸಿರುವ ಯಂತ್ರಗಳಲ್ಲಿ, ಕಾಲಮನ್ನು ನಾಲ್ಕು ಬೋಲ್ಟ್‌ಗಳಿಂದ ಕಾಯಂ ಮಾಡುವ ಏರ್ಪಾಡು ಇಲ್ಲದೆ ಪ್ಲೇಟ್ ಇಡುವುದನ್ನು ನಾನು ಸೂಚಿಸುವುದಿಲ್ಲ.

ಪ್ಲೇಟಿಗೆ ಅಲ್ಯುಮಿನಿಯಂಗಿಂತ ಎರಕದ ಕಬ್ಬಿಣವೇ ಮೇಲು: ಕಂಪನವನ್ನು ನುಂಗುತ್ತದೆ, ಬೇಸಿನಷ್ಟೇ ಹಿಗ್ಗುತ್ತದೆ. 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಆರಂಭವಾದ ಸೀಮೆ ಇದು; ಭದ್ರಾವತಿ ದಾರಿಯ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಫೌಂಡ್ರಿಗಳಿವೆ. ಆದರೂ ಒಂದೇ ತುಂಡಿಗಾಗಿ ಪ್ಯಾಟರ್ನ್ ಮಾಡಿಸುವುದು ದುಬಾರಿ. ಗುಜರಿಯಲ್ಲಿ ಹಳೆಯ ಯಂತ್ರದ ಬೆಡ್ಡಿನ ತುಂಡು ಸಿಕ್ಕರೆ, ವರ್ಷಗಟ್ಟಲೆ ಬಿಸಿಲು ಚಳಿ ಕಂಡು ಒಳಗಿನ ಸೆಳೆತ ಕಳೆದುಕೊಂಡ ಆ ಕಬ್ಬಿಣ ಹೊಸ ಎರಕಕ್ಕಿಂತ ಒಳ್ಳೆಯದೇ. ಎರಡೂ ಮುಖಗಳನ್ನು ಸರ್ಫೇಸ್ ಗ್ರೈಂಡಿಂಗ್ ಮಾಡಿಸಿ, ನಾಲ್ಕು ಮೂಲೆಗಳ ದಪ್ಪವನ್ನು ಮೈಕ್ರೋಮೀಟರಿನಲ್ಲಿ ಅಳೆದು, 0.01 ಮಿ.ಮೀ. ಒಳಗಿದ್ದರೆ ಮಾತ್ರ ತೆಗೆದುಕೊಳ್ಳಿ. ಪ್ಲೇಟಿನ ದಪ್ಪದಷ್ಟೇ ಬೋಲ್ಟ್ ಕೂಡ ಉದ್ದವಾಗಬೇಕು. ಎರಕದ ಕಬ್ಬಿಣದೊಳಗೆ ಬೋಲ್ಟಿನ ವ್ಯಾಸದ ಒಂದೂವರೆ ಪಟ್ಟು ಥ್ರೆಡ್ ಹಿಡಿಯಲೇಬೇಕು. ಹೆಡ್ ಮತ್ತು ಕಾಲಮ್ ಇಳಿಸುವಾಗ ಇಬ್ಬರು ಇರಬೇಕು, ಹೆಡ್ಡಿನ ಅಡಿಗೆ ಮರದ ದಿಮ್ಮಿ ಇರಬೇಕು.

ಜೋಡಿಸಿದ ಮೇಲೆ ಸ್ಪಿಂಡಲ್ ಟೇಬಲಿಗೆ ನೆಟ್ಟಗಿದೆಯೇ ಎಂದು ನೋಡಿ. ಟೇಬಲ್ ಕಿರಿದಾದ್ದರಿಂದ ಅದರ ಮೇಲೆ ಗ್ರೈಂಡ್ ಮಾಡಿದ ಪ್ಲೇಟನ್ನಿಟ್ಟು, ಸ್ಪಿಂಡಲಿಗೆ ಕಟ್ಟಿದ ಡಯಲ್ ಗೇಜನ್ನು 100 ಮಿ.ಮೀ. ವ್ಯಾಸದಲ್ಲಿ ಕೈಯಿಂದ ಸುತ್ತಿಸಿ, ಮುಂದೆ ಹಿಂದೆ ಎಡ ಬಲ ನಾಲ್ಕೂ ಕಡೆ ಓದಿಕೊಳ್ಳಿ. ವ್ಯತ್ಯಾಸ 0.02 ಒಳಗಿದ್ದರೆ ಸಾಕು. ಮುಂದಿನ ಓದು 0.06 ಹೆಚ್ಚಿದ್ದರೆ ಕಾಲಮ್ ಮುಂದಕ್ಕೆ ಬಾಗಿದೆ ಎಂದರ್ಥ. ಮೇಲಿನ ಕೆಳಗಿನ ಬೋಲ್ಟ್‌ಗಳ ಅಂತರ 120 ಮಿ.ಮೀ. ಆದರೆ, 0.06ನ್ನು 120ರಿಂದ ಗುಣಿಸಿ 100ರಿಂದ ಭಾಗಿಸಿದಾಗ ಬರುವ 0.07 ಮಿ.ಮೀ. ದಪ್ಪದ ಶಿಮ್ಮನ್ನು (ತೆಳು ಲೋಹದ ಹಾಳೆ) ಬೇಸಿನ ಹಿಂಮುಖಕ್ಕೆ ಕಟ್ಟಿದ ಕಾಲಮಾದರೆ ಮೇಲಿನ ಬೋಲ್ಟ್‌ಗಳ ಬಳಿ ಇಡಬೇಕು. ಬೇಸಿನ ಮೇಲೆ ನಿಂತಿರುವ ಕಾಲಮಾದರೆ ಮುಂದಿನ ಮತ್ತು ಹಿಂದಿನ ಬೋಲ್ಟ್‌ಗಳ ಅಂತರ ಹಿಡಿದು ಲೆಕ್ಕ ಹಾಕಿ, ಮುಂದಿನ ಬೋಲ್ಟ್‌ಗಳ ಅಡಿಗೆ ಇಡಬೇಕು.

ಎತ್ತರ

ಎತ್ತರದ ಕೊರತೆಗೆ ಯಂತ್ರವನ್ನು ಮುಟ್ಟುವ ಮೊದಲು ಡ್ರಿಲ್ ಚಕ್ಕನ್ನು ಬಿಡಿ. 13 ಮಿ.ಮೀ. ಚಕ್ ಮತ್ತು ಅದರ ಆರ್ಬರ್ ಸೇರಿ ಸ್ಪಿಂಡಲಿನ ಕೆಳಗೆ 80ರಿಂದ 100 ಮಿ.ಮೀ. ತಿನ್ನುತ್ತವೆ, ಅದೇ ಡ್ರಿಲ್ಲನ್ನು ಕಾಲೆಟ್‌ನಲ್ಲಿ ಹಿಡಿಸಿದರೆ ಅದರ ಬಹುಪಾಲು ವಾಪಸ್ ಬರುತ್ತದೆ. ಹೆಡ್ಡಿನ ಭಾರ ಹೊರಲು ಪಕ್ಕದಲ್ಲಿ ಸ್ಪ್ರಿಂಗಿನ ತೋಳಿರುವ ಯಂತ್ರಗಳಲ್ಲಿ ಮೇಲಿನ ಕೊನೆಯ ಭಾಗವನ್ನು ಆ ತೋಳೇ ತಡೆಯುತ್ತದೆ. ಕಾರಿನ ಡಿಕ್ಕಿ ಬಾಗಿಲಿಗೆ ಹಾಕುವಂಥ ಗ್ಯಾಸ್ ಸ್ಪ್ರಿಂಗ್ ಅದರ ಬದಲಿಗೆ ಹೊಂದುತ್ತದೆ. ತೋಳು ಬಿಚ್ಚುವ ಮುನ್ನ ಹೆಡ್ಡಿಗೆ ದಿಮ್ಮಿ ಕೊಟ್ಟಿರಬೇಕು, ಇಲ್ಲವಾದರೆ ಅದು ನೇರವಾಗಿ ಟೇಬಲಿನ ಮೇಲೆ ಬೀಳುತ್ತದೆ.

ಕೊನೆಗೆ ಉಳಿಯುವುದು ಹೊಸ ಮಿತಿಗಳನ್ನು ಕಾಯಂ ಮಾಡುವ ಕೆಲಸ. ಮೊದಲು ನಟ್ಟು, ಬೆಲ್ಲೋಸ್ ತಾವಾಗಿ ಟೇಬಲ್ಲನ್ನು ನಿಲ್ಲಿಸುತ್ತಿದ್ದವು. ಈಗ ಅವಿಲ್ಲದ್ದರಿಂದ ಸ್ಯಾಡಲ್ ಸುರಕ್ಷಿತ ಜಾಗ ದಾಟಿಯೂ ಓಡಬಲ್ಲದು. ಡಯಲ್ ಗೇಜಿನ ಪರೀಕ್ಷೆಯಲ್ಲಿ ಒಪ್ಪಿಕೊಂಡ ಜಾಗದಲ್ಲಿ ಬೇಸಿನ ಪಕ್ಕಕ್ಕೆ ಸಣ್ಣ ಸ್ಟಾಪ್ ಬ್ಲಾಕ್ ಬಿಗಿಯಿರಿ. ಉದಾಹರಣೆಯ ಯಂತ್ರದಲ್ಲಿ ಪಟ್ಟಿ ಮುಂದೆ 4, ಹಿಂದೆ 30 ಮಿ.ಮೀ. ದಾಟುವುದರಿಂದ ಅದರ ಮಧ್ಯಗೆರೆ ಟೇಬಲಿನ ಮಧ್ಯಕ್ಕಿಂತ 13 ಮಿ.ಮೀ. ಹಿಂದೆ ಬೀಳುತ್ತದೆ. ಆ ಗೆರೆಯನ್ನು ಟೇಬಲಿನ ಎರಡೂ ತುದಿಯಲ್ಲಿ ಸಣ್ಣದಾಗಿ ಗೀರಿಟ್ಟು, 110 ಮಿ.ಮೀ. ಪ್ಲೇಟನ್ನು ಪ್ಯಾರಲಲ್‌ಗಳ (ಒಂದೇ ಎತ್ತರದ ಜೋಡಿ ಪಟ್ಟಿಗಳ) ಮೇಲೆ ಅದಕ್ಕೆ ಸರಿಯಾಗಿ ಕೂರಿಸಿ, 64 ಮಿ.ಮೀ. ಅಂತರದ ತೂತುಗಳನ್ನು ಮೊದಲು ಕೊರೆದು, ಅವುಗಳ ಮೂಲಕವೇ ಬಿಗಿದುಕೊಂಡು, ಮೇಲಿನ ಕ್ಲಾಂಪ್‌ಗಳನ್ನು ತೆಗೆದರೆ ಕಟರ್ ನಾಲ್ಕೂ ಅಂಚನ್ನು ಅಡ್ಡಿಯಿಲ್ಲದೆ ಸುತ್ತಿ ಬರುತ್ತದೆ. ಪ್ಲೇಟಿನ ಹಿಂದಿನ ಅಂಚು ಟೇಬಲಿನಿಂದ 22 ಮಿ.ಮೀ. ಹೊರಗಿರುವುದರಿಂದ ಆ ಅಂಚನ್ನು ಹೊಡೆಯುವಾಗ ಮಾತ್ರ ಅರ್ಧ ಮಿಲಿಮೀಟರಿಗಿಂತ ಹೆಚ್ಚು ಕಟ್ ಕೊಡಬೇಡಿ.